ಆಸನಾಚಾರ್ಯರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಗಾಜಿನ ಕಟ್ಟಡಕ್ಕೆ ಹೋದರೂ ಇವರೊಬ್ಬರು ಸಿಕ್ಕೇ ಸಿಗುತ್ತಾರೆ. ವಯಸ್ಸು ನಲವತ್ತರ ಆಚೀಚೆ, ಹುದ್ದೆ ಮ್ಯಾನೇಜರಿಗಿಂತ ಒಂದು ಮೆಟ್ಟಿಲು ಕೆಳಗೆ, ಸೊಂಟದಲ್ಲಿ ಎಲ್-ಫೋರ್ ಮತ್ತು ಎಲ್-ಫೈವ್ ಮೂಳೆಗಳ ನಡುವೆ ಏನೋ ತಕರಾರು. ಬೆಳಿಗ್ಗೆ ಎದುರಾದರೆ ನಿಮ್ಮ ಮುಖ ನೋಡುವುದಿಲ್ಲ. ಮೆಲ್ಲಗೆ ಹಿಂದಕ್ಕೆ ಬಂದು ಬೆನ್ನು ನೋಡುತ್ತಾರೆ. ನೋಡಿ, ಊರಿಂದ ಸಾವಿನ ಸುದ್ದಿ ತಂದವರ ದನಿಯಲ್ಲಿ, "ಲಂಬಾರ್ ಸಪೋರ್ಟ್ ಇಲ್ಲ ಅಲ್ವಾ?" ಎನ್ನುತ್ತಾರೆ. ನಮ್ಮ ಫ್ಲೋರಿನಲ್ಲಿ ಇವರಿಗೆ ಆಸನಾಚಾರ್ಯರೆಂದೇ ಹೆಸರು.

2020ರ ಮಾರ್ಚಿಗೆ ಮುಂಚೆ ಇವರೂ ಸಿಕ್ಕಿದ್ದರ ಮೇಲೆ ಕೂರುವ ಸಾಮಾನ್ಯ ಮನುಷ್ಯರೇ. ಲಾಕ್‌ಡೌನ್ ಬಂತು, ಲ್ಯಾಪ್‌ಟಾಪು ಊಟದ ಮೇಜಿಗೆ ಬಂತು. ಊಟದ ಕುರ್ಚಿ ಮಾಡಿದ್ದು ಉಂಡು ಎದ್ದುಹೋಗುವವನಿಗೆ; ಬೆಳಗಿನಿಂದ ರಾತ್ರಿಯವರೆಗೆ "ನನ್ನ ಧ್ವನಿ ಕೇಳಿಸ್ತಿದೆಯಾ?" ಎಂದು ಕೇಳುತ್ತಾ ಕೂರುವವನಿಗಲ್ಲ. ಆಚಾರ್ಯರು ಬೆನ್ನಿಗೆ ದಿಂಬು ಕೊಟ್ಟರು, ಟವೆಲ್ ಸುರುಳಿ ಸುತ್ತಿ ಕೊಟ್ಟರು, ದಿವಾನದ ಮೇಲೆ ಒರಗಿದರು, ಕೊನೆಗೆ ಮಗಳು ಓದುವ ಕುರ್ಚಿಯನ್ನೇ ಕಸಿದುಕೊಂಡರು. ಮೂಳೆ ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು, "ಒಂದು ಒಳ್ಳೆ ಕುರ್ಚಿ ತಗೊಳ್ರೀ" ಅಂದರು. ಡಾಕ್ಟರಿಗೆ ಅದು ಹೇಳಿ ಮರೆಯುವ ಮಾತು. ಇವರಿಗೆ ಜ್ಞಾನೋದಯ. ಅರಳಿಮರದ ಬದಲು ಕ್ಲಿನಿಕ್ಕಿನ ಕಬ್ಬಿಣದ ಬೆಂಚು, ಅಷ್ಟೇ ವ್ಯತ್ಯಾಸ.

ಇವರ ಜೊತೆ ಇನ್‌ಫೆಂಟ್ರಿ ರಸ್ತೆಯ ಫರ್ನಿಚರ್ ಅಂಗಡಿಗೆ ಹೋಗಬೇಕು ನೀವು. ಜೇಬಿನಿಂದ ಅಳತೆ ಟೇಪು ತೆಗೆಯುತ್ತಾರೆ. ಮೊದಲು ಕುರ್ಚಿಯನ್ನು ಮಗುಚಿ ಕಾಲು ಎಣಿಸುತ್ತಾರೆ. ಐದಿರಬೇಕು; ನಾಲ್ಕಾದರೆ ವಾಲಿದಾಗ ಮಗುಚಿಕೊಳ್ಳುತ್ತದೆ. ಆಮೇಲೆ ಕೂತು, ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಬೆರಳು ತೂರಿಸುತ್ತಾರೆ. ಎರಡು ಮೂರು ಬೆರಳು ಹಿಡಿಸಿದರೆ ಸೈ. ಹಿಡಿಸದಿದ್ದರೆ ಸೀಟು ಉದ್ದವಾಯಿತು, ಮಂಡಿಯ ಹಿಂದೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಪಾದ ಪೂರ್ತಿ ನೆಲ ಮುಟ್ಟಬೇಕು, ಕೈಯಾನಿಕೆಯ ಮೇಲೆ ಮೊಣಕೈ ಇಟ್ಟರೆ ಭುಜ ಮೇಲಕ್ಕೇರಬಾರದು, ಲಂಬಾರ್ ಸಪೋರ್ಟ್ ಎಂಬ ಬೆನ್ನಾನಿಕೆಯ ಉಬ್ಬು ಬೆಲ್ಟು ಕಟ್ಟುವ ಜಾಗಕ್ಕೆ ಬಂದು ಕೂರಬೇಕು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದೇ ನಮ್ಮ ಕಷ್ಟ. ಸುಳ್ಳು ಹೇಳುವವರಿಂದ ತಪ್ಪಿಸಿಕೊಳ್ಳಬಹುದು, ಸರಿಯಾಗಿ ಹೇಳುವವರಿಂದ ಸಾಧ್ಯವಿಲ್ಲ.

ಅಂಗಡಿಯ ಸಾಬರು ಮೊದಲು ಟೀ ತರಿಸಿದರು. ಟೀ ಮುಗಿದರೂ ಗಿರಾಕಿ ಏಳಲಿಲ್ಲ. "ಸಾರ್, ಕುರ್ಚಿ ತಗೊಳ್ತೀರಾ, ಇಲ್ಲಾ ಬಾಡಿಗೆ ಅಗ್ರಿಮೆಂಟ್ ಮಾಡ್ಕೊಳ್ಳೋಣ್ವಾ?"

"ಐದು ನಿಮಿಷ ಕೂತ್ರೆ ಎಲ್ಲಾ ಕುರ್ಚಿನೂ ಚೆನ್ನಾಗೇ ಇರುತ್ತೆ ಸಾಬ್ರೇ. ಅರ್ಧ ಗಂಟೆ ಆದ್ಮೇಲೆ ಅದರ ಬಣ್ಣ ಗೊತ್ತಾಗೋದು."

ಪಕ್ಕದಲ್ಲಿ ಕಾಯುತ್ತಿದ್ದ ಹೆಂಡತಿ ಆಗ ಬಾಯಿಬಿಟ್ಟರು. "ನನ್ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಪಿಬಿಟ್ರಿ. ಈಗ ಇದಕ್ಕೆ ಮೂರು ವಾರದಿಂದ ಅಂಗಡಿ ಸುತ್ತುತಾ ಇದೀರಲ್ರೀ."

ಗೇಮಿಂಗ್ ಕುರ್ಚಿ ಕಂಡರೆ ಮಾತ್ರ ಆಚಾರ್ಯರಿಗೆ ಮೈ ಉರಿಯುತ್ತದೆ. ಕೆಂಪು ಕಪ್ಪು ಬಣ್ಣ, ಎರಡೂ ಕಡೆ ರೆಕ್ಕೆ. ಅದರ ವಿನ್ಯಾಸ ಬಂದದ್ದು ರೇಸಿನ ಕಾರಿನಿಂದ. ತಿರುವಿನಲ್ಲಿ ಚಾಲಕನ ಭುಜ ಆಚೀಚೆ ವಾಲದಿರಲೆಂದು ಆ ರೆಕ್ಕೆ. "ಸಿಲ್ಕ್ ಬೋರ್ಡಲ್ಲಿ ಒಂದು ಗಂಟೆ ನಿಂತಲ್ಲೇ ನಿಲ್ಲೋ ಕಾರಿಗೇ ಅದು ಬೇಡ. ಎಕ್ಸೆಲ್ ತುಂಬೋನಿಗೆ ಯಾಕಪ್ಪಾ?" ಎಂದು ಹೊಸದಾಗಿ ಸೇರಿದ ಹುಡುಗರನ್ನು ತಡೆದು ಕೇಳುತ್ತಾರೆ. ಹುಡುಗರು ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ.

ಇವರ ಪಾಲಿನ ಕೈಲಾಸ ಯಾವುದೆಂದರೆ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕುರ್ಚಿ. ಬಿಲ್ ಸ್ಟಂಫ್, ಡಾನ್ ಚಾಡ್ವಿಕ್ ಎಂಬಿಬ್ಬರು ವಿನ್ಯಾಸ ಮಾಡಿ 1994ರಲ್ಲಿ ಹೊರಬಂದದ್ದು. ಅದರಲ್ಲಿ ಸ್ಪಂಜಿಲ್ಲ, ಬಿಗಿದ ಜಾಲರಿ. ಅಂಗಿಯಂತೆ ಮೂರು ಸೈಜು: ಎ, ಬಿ, ಸಿ. ಆ ಇಬ್ಬರೂ ಅದಕ್ಕೆ ಮುಂಚೆ ವಯಸ್ಸಾದವರು ಗಂಟೆಗಟ್ಟಲೆ ಕೂರುವ ಕುರ್ಚಿಯ ಬಗ್ಗೆ ತಲೆಕೆಡಿಸಿಕೊಂಡಿದ್ದರು. ಆ ಯೋಚನೆ ಸುತ್ತಿ ಬಳಸಿ ಬಂದು ಇಪ್ಪತ್ತೈದರ ಸಾಫ್ಟ್‌ವೇರ್ ಹುಡುಗರ ಕೆಳಗೆ ಕೂತಿತು. ನಮ್ಮ ಹುಡುಗರ ಬೆನ್ನು ನೋಡಿದರೆ ವಿಳಾಸ ತಪ್ಪಿಲ್ಲ ಅನ್ನಿಸುತ್ತದೆ. ಇಲ್ಲಿ ಹೊಸದರ ಬೆಲೆ ಲಕ್ಷ ದಾಟುತ್ತದೆ. ಹಾಗಾಗಿ ಆಚಾರ್ಯರ ಕಣ್ಣು ಬಾಗಿಲು ಮುಚ್ಚಿದ ಸ್ಟಾರ್ಟಪ್ಪುಗಳ ಕುರ್ಚಿ ಬಂದು ಬೀಳುವ ಸೆಕೆಂಡ್ ಹ್ಯಾಂಡ್ ಗೋಡೌನುಗಳ ಮೇಲೆ. ಯಾವ ಕಂಪನಿ ಮುಳುಗುವುದರಲ್ಲಿದೆ ಎಂಬುದು ಅದಕ್ಕೆ ದುಡ್ಡು ಹಾಕಿದವರಿಗಿಂತ ಮೊದಲು ಇವರಿಗೆ ತಿಳಿಯುತ್ತದೆ. "ಪಾಪ, ಒಳ್ಳೆ ಹುಡುಗರು. ಮೆಶ್ ಬ್ಯಾಕ್ ಇಟ್ಟಿದ್ರು" ಎಂಬುದು ಇವರ ಶ್ರದ್ಧಾಂಜಲಿ.

ಶಾಸ್ತ್ರಾಧಾರಕ್ಕೂ ಕೊರತೆಯಿಲ್ಲ. ನೆಟ್ಟಗೆ ತೊಂಬತ್ತು ಡಿಗ್ರಿಯಲ್ಲಿ ಕೂರುವುದೇ ಶ್ರೇಷ್ಠ ಎಂದು ಮೇಷ್ಟರು ಬೆತ್ತ ಹಿಡಿದು ಕಲಿಸಿದ್ದು ಪೂರ್ತಿ ನಿಜವಲ್ಲ ಎಂದು ಅವರ ವಾದ. 2006ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಸಂಶೋಧಕರು ಕೂತ ಮನುಷ್ಯರನ್ನೇ ಎಂಆರ್‌ಐ ಮಾಡಿ, ಸುಮಾರು 135 ಡಿಗ್ರಿಗೆ ಹಿಂದಕ್ಕೆ ಒರಗಿದಾಗ ಬೆನ್ನಿನ ಡಿಸ್ಕಿಗೆ ಒತ್ತಡ ಕಡಿಮೆ ಎಂದರಂತೆ. ಆಚಾರ್ಯರು ಮರುದಿನವೇ ಕುರ್ಚಿಯನ್ನು 135ಕ್ಕೆ ಬಾಗಿಸಿದರು. ಕ್ಲೈಂಟ್ ಕಾಲ್ ನಡುವೆ ಗೊರಕೆ ಕೇಳಿಸಿತು. ಡಾರ್ವಿನ್ ಕೂಡ ತನ್ನ ಆರಾಮಕುರ್ಚಿಗೆ ಚಕ್ರ ಕಟ್ಟಿಸಿಕೊಂಡಿದ್ದನೆಂಬುದು ಇವರ ಇನ್ನೊಂದು ಅಸ್ತ್ರ. ಮಂಗ ಎದ್ದು ನಿಂತು ಮನುಷ್ಯನಾದ ಕಥೆ ಬರೆದವನೇ ಆ ಮನುಷ್ಯನನ್ನು ಮತ್ತೆ ಕೂರಿಸಿ ಉರುಳಿಸಿಬಿಟ್ಟನಲ್ಲ ಎಂದು ನಾವು ಅಂದರೆ ಅವರಿಗೆ ನಗು ಬರುವುದಿಲ್ಲ.

ಮದುವೆ ಮನೆಗೆ ಹೋದರೂ ಬಿಡುವಿಲ್ಲ. ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಎರಡು ಹಾಕಿಕೊಂಡೇ ಕೂರುವುದು. ಮುಹೂರ್ತದ ಹೊತ್ತಿಗೆ ಅಕ್ಷತೆ ಹಿಡಿದು, ಪಕ್ಕದವರ ಕಿವಿಯಲ್ಲಿ, "ಪುರೋಹಿತರ ಬೆನ್ನು ನೋಡಿ, ಎಷ್ಟು ನೆಟ್ಟಗಿದೆ!" ಎನ್ನುತ್ತಾರೆ. ಮದುಮಗಳ ಕಡೆ ಕಣ್ಣು ಹೋದದ್ದು ಊಟದ ನಂತರ.

ಇಷ್ಟಾಗಿಯೂ ಇವರನ್ನು ಸೋಲಿಸಿದ ಒಬ್ಬರಿದ್ದಾರೆ. ಸ್ವಂತ ತಂದೆ. ತಾಲೂಕು ಕಚೇರಿಯಲ್ಲಿ ಜೀವಮಾನ ಸವೆಸಿ ನಿವೃತ್ತರಾದವರು. ಎಂಬತ್ತು ದಾಟಿದರೂ ಮಣೆಯ ಮೇಲೆ ಕೂತು ಉಂಡು, ಗೋಡೆ ಹಿಡಿಯದೆ ಏಳುತ್ತಾರೆ. ಮಗ ತಂದ ಏರಾನ್ ಜಾಲರಿಯನ್ನು ಬೆರಳಿಂದ ತಟ್ಟಿ ನೋಡಿ, "ನಮ್ಮ ಕಚೇರಿ ಕುರ್ಚಿಗೆ ಬೆತ್ತ ಹೆಣೆದಿರ್ತಿತ್ತಲ್ಲೋ, ಗಾಳಿ ಆಡ್ಲಿ ಅಂತ. ಇದೂ ಅದೇ ತಾನೆ?" ಅಂದರು. ಆಚಾರ್ಯರ ಬಳಿ ಉತ್ತರವಿರಲಿಲ್ಲ.

"ಅಪ್ಪಾ, ಆ ಮರದ ಕುರ್ಚೀಲಿ ಅಷ್ಟು ವರ್ಷ ಕೂತೂ ನಿಮಗೆ ಬೆನ್ನು ನೋವು ಹೇಗೆ ಬರ್ಲಿಲ್ಲ?"

"ಕೂತಿದ್ರೆ ತಾನೆ ಬರೋದು?"

ಆಮೇಲೆ ಹಿರಿಯರು ಬಿಡಿಸಿ ಹೇಳಿದರು. ಬೆಳಿಗ್ಗೆ ಬಂದು ಕುರ್ಚಿಯ ಬೆನ್ನಿಗೆ ಟವೆಲ್ ಹಾಕುವುದು. ಟವೆಲ್ ಇದೆ ಎಂದರೆ ಮನುಷ್ಯ ಬಂದಿದ್ದಾನೆ ಎಂದರ್ಥ. ಆಮೇಲೆ ಫೈಲು ಹುಡುಕಲು ರೆಕಾರ್ಡ್ ರೂಮು, ಸಹಿ ಹಾಕಿಸಲು ಸಾಹೇಬರ ಕೋಣೆ, ಸಾಹೇಬರು ಅಲ್ಲಿಲ್ಲದಿದ್ದರೆ ಅವರನ್ನು ಹುಡುಕಲು ಕ್ಯಾಂಟೀನು, ಕ್ಯಾಂಟೀನಿಗೆ ಹೋದ ಮೇಲೆ ಕಾಫಿ. ಜನ ಬಂದು ಕೇಳಿದರೆ ಜವಾನ ಒಂದೇ ಮಾತು ಹೇಳುತ್ತಿದ್ದ: "ಸೀಟಲ್ಲಿಲ್ಲ." ಕೆಲಸಕ್ಕೆ ಬಂದ ರೈತನ ಚಪ್ಪಲಿ ಸವೆದದ್ದು ಬೇರೆ ಮಾತು, ಅದಕ್ಕೆ ಕ್ಷಮೆಯಿಲ್ಲ. ಆದರೆ ಇಂದು ಬೆನ್ನಿನ ತಜ್ಞರೆಲ್ಲ ಅರ್ಧ ಗಂಟೆಗೊಮ್ಮೆ ಏಳಿ, ಓಡಾಡಿ, ಒಂದೇ ಭಂಗಿಯಲ್ಲಿರಬೇಡಿ ಎಂದು ಹೇಳುವುದನ್ನು ನಮ್ಮ ತಾಲೂಕು ಕಚೇರಿಗಳು ಯಾವ ಸಲಹೆಗಾರರ ಫೀಸೂ ಇಲ್ಲದೆ ಜಾರಿಗೆ ತಂದಿದ್ದವು ಎಂಬುದನ್ನು ಒಪ್ಪಬೇಕು.

ಏರಾನ್ ಈಗ ಆಚಾರ್ಯರ ಮನೆಯಲ್ಲಿದೆ, ಸೆಕೆಂಡ್ ಹ್ಯಾಂಡು, ಬಿ ಸೈಜು. ಅದರ ಮೇಲೆ ಅವರು ಕೂರುವ ಭಂಗಿಯನ್ನು ನಾನು ಕಣ್ಣಾರೆ ನೋಡಿದ್ದೇನೆ: ಎರಡೂ ಕಾಲು ಮೇಲೆತ್ತಿ, ಚಕ್ಕಳಮಕ್ಕಳ ಹಾಕಿ, ಮುಂದಕ್ಕೆ ಬಾಗಿ. ಲಕ್ಷ ರೂಪಾಯಿಯ ಬೆನ್ನಾನಿಕೆಗೂ ಬೆನ್ನಿಗೂ ನಡುವೆ ಒಂದು ಗೇಣು ಖಾಲಿ ಜಾಗ. ಲಂಬಾರ್ ಸಪೋರ್ಟ್ ಅಲ್ಲಿ ಒಬ್ಬಂಟಿ. ಏಳುವುದಂತೂ ಇಲ್ಲವೇ ಇಲ್ಲ, ಅಷ್ಟು ದುಡ್ಡು ಕೊಟ್ಟಿದ್ದು ಎದ್ದು ಓಡಾಡಲಿಕ್ಕಾ ಎನ್ನುತ್ತಾರೆ. ಸೊಂಟ ನೋವು ಹಾಗೇ ಇದೆ; ಮುಂದಿನ ಅನುಮಾನ ಮೇಜಿನ ಮೇಲೆ ಬಿದ್ದಿದೆ.

ನಿಮ್ಮ ಆಫೀಸಿನ ಆಸನಾಚಾರ್ಯರು ನಾಳೆ ಟೇಪು ಹಿಡಿದು ನಿಮ್ಮ ಕುರ್ಚಿಯ ಕಡೆ ಬಂದರೆ, ದಯವಿಟ್ಟು ಸೀಟಿನಲ್ಲಿರಬೇಡಿ.