ಬೋಜೊಲೆ ಮೀಮಾಂಸೆ: ವ್ಯಾಖ್ಯಾನ ಬೇಡದ ವೈನಿಗೊಂದು ವ್ಯಾಖ್ಯಾನ

ಯಾವ ಪದಾರ್ಥವನ್ನು ನಾಲಿಗೆಗೆ ಸೋಕಿಸಿದ ಮಾತ್ರಕ್ಕೇ ಅದರ ಗುಣವು ಪಾಮರನಿಗೂ ವೇದ್ಯವಾಗಿಬಿಡುವುದೋ, ಅಂಥ ಪದಾರ್ಥವು ಪಂಡಿತವರ್ಗಕ್ಕೆ ಸ್ವಭಾವತಃ ಶತ್ರುವೆಂಬುದು ಸರ್ವಸಮ್ಮತವಾದ ವಿಷಯ. ಮೂಲವು ಕಠಿನವಾಗಿದ್ದಲ್ಲಿ ಭಾಷ್ಯ ಹುಟ್ಟುತ್ತದೆ. ಭಾಷ್ಯವು ಅದಕ್ಕಿಂತಲೂ ಕಠಿನವಾದಲ್ಲಿ ಟೀಕೆ ಟಿಪ್ಪಣಿಗಳು ಹುಟ್ಟಿ ನಾಲ್ಕಾರು ಸಂಸಾರಗಳು ನಡೆಯುತ್ತವೆ. ಫ್ರಾನ್ಸ್ ದೇಶದ ಬೊರ್ಡೊ ಸೀಮೆಯ ಘನವಾದ ಕೆಂಪು ವೈನುಗಳು ಈ ಧರ್ಮವನ್ನು ಚೆನ್ನಾಗಿ ಅರಿತು, ಎಳೆಯ ಪ್ರಾಯದಲ್ಲಿ ಬಾಯನ್ನು ಒಗರಿನಿಂದ ಬಿಗಿದು, ಹತ್ತಿಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ಮೌನವ್ರತ ಹಿಡಿದು, ವಿದ್ವಾಂಸರಿಗೆ ಯಥೇಷ್ಟವಾದ ಅವಕಾಶವನ್ನು ಕಲ್ಪಿಸಿಕೊಟ್ಟಿವೆ. ಬರ್ಗಂಡಿಗೆ ದಕ್ಷಿಣವಾಗಿಯೂ ಲಿಯೋನ್ ನಗರಕ್ಕೆ ಉತ್ತರವಾಗಿಯೂ ಹಬ್ಬಿರುವ ಗುಡ್ಡಗಳಲ್ಲಿ ಜನಿಸುವ ಬೋಜೊಲೆ ಎಂಬ ವೈನು ಮಾತ್ರ, ಕುಡಿದವನಿಗೆ ಕುಡಿದ ಗಳಿಗೆಯಲ್ಲೇ ರುಚಿಸಿ, ಭಾಷ್ಯಕಾರರ ಅನ್ನಕ್ಕೆ ಕಲ್ಲು ಹಾಕುತ್ತ ಬಂದಿದೆ. ಈ ಅಕ್ರಮವನ್ನು ತಡೆಯುವ ಸಲುವಾಗಿ, ಅಂದರೆ ತಿಳಿಯಾದುದನ್ನು ಶಾಸ್ತ್ರೋಕ್ತವಾಗಿ ಕಲಕುವ ಸಲುವಾಗಿ, ಪ್ರಕೃತ ಗ್ರಂಥವು ಪ್ರವೃತ್ತವಾಗಿದೆ.

ಮೊದಲು ವಂಶನಿರೂಪಣೆ. ಈ ವೈನಿಗೆ ಮೂಲವಾದ ಕಪ್ಪು ದ್ರಾಕ್ಷಿಯ ಹೆಸರು ಗಮೇ. 1395ರಲ್ಲಿ ಬರ್ಗಂಡಿಯ ಡ್ಯೂಕನಾದ ಧೀರ ಫಿಲಿಪ್ಪನು ಹೊರಡಿಸಿದ ಶಾಸನವು ಈ ಬಳ್ಳಿಯನ್ನು ದುಷ್ಟವೆಂದೂ ದ್ರೋಹಿಯೆಂದೂ ಮನುಷ್ಯಶರೀರಕ್ಕೆ ಹಾನಿಕರವೆಂದೂ ನಿಂದಿಸಿ, ಬೇರುಸಹಿತ ಕಿತ್ತೆಸೆಯಬೇಕೆಂದು ಆಜ್ಞಾಪಿಸುತ್ತದೆ. ಗಿಡವೊಂದು ರಾಜದ್ರೋಹವನ್ನು ಮಾಡುವ ಬಗೆ ಎಂತು ಎಂದು ಅಲ್ಪಮತಿಗಳು ಕೇಳಿಯಾರು. ಸಮಾಧಾನವೇನೆಂದರೆ, ಅದು ಬೇಗನೆ ಹಣ್ಣಾಗುತ್ತಿತ್ತು, ಹೇರಳವಾಗಿ ಫಲ ಕೊಡುತ್ತಿತ್ತು, ರೈತನಿಗೆ ಒಗ್ಗುತ್ತಿತ್ತು. ಇಷ್ಟು ಅಪರಾಧಗಳು ಸಾಲವೆ? ಡ್ಯೂಕನ ಕೃಪಾಕಟಾಕ್ಷವೆಲ್ಲ ಪಿನೋ ಎಂಬ ಕುಲೀನ ದ್ರಾಕ್ಷಿಯ ಮೇಲಿತ್ತು. ಆರುನೂರು ವರ್ಷಗಳ ತರುವಾಯ, 1999ರಲ್ಲಿ, ವಂಶವಾಹಿಗಳನ್ನು ಶೋಧಿಸಿದ ವಿಜ್ಞಾನಿಗಳು, ಗಮೇಯು ಅದೇ ಪಿನೋವಿಗೂ ಗೂಯೇ ಬ್ಲಾಂ ಎಂಬ ಬಡವರ ಮನೆಯ ಬಿಳಿಯ ದ್ರಾಕ್ಷಿಗೂ ಹುಟ್ಟಿದ ಸಂತಾನವೆಂದು ಸಿದ್ಧಮಾಡಿ ತೋರಿಸಿದರು. ತಂದೆಗೆ ಸಿಂಹಾಸನ, ಮಗನಿಗೆ ಗಡೀಪಾರು. ಇನ್ನೂ ಸ್ವಾರಸ್ಯವೆಂದರೆ, ಅದೇ ದಂಪತಿಗಳಿಗೆ ಹುಟ್ಟಿದ ಶಾರ್ಡೊನೆಯು ಬರ್ಗಂಡಿಯಲ್ಲೇ ನೆಲೆನಿಂತು ಜಗದ್ವಿಖ್ಯಾತವಾಯಿತು. ತಾಯಿಯ ಬಡತನವು ಬಿಳಿಯ ಮಗನಿಗೆ ಅಂಟದೆ ಕರಿಯ ಮಗನಿಗೆ ಮಾತ್ರ ಅಂಟಿದ್ದು ಹೇಗೆಂಬ ಪ್ರಶ್ನೆಯನ್ನು ಧರ್ಮಶಾಸ್ತ್ರಜ್ಞರಿಗೆ ಬಿಟ್ಟು, ನಾವು ದಕ್ಷಿಣದ ಗ್ರಾನೈಟ್ ಗುಡ್ಡಗಳಲ್ಲಿ ಸುಖವಾಗಿ ಬೇರುಬಿಟ್ಟ ಆ ಬಹಿಷ್ಕೃತನನ್ನು ಹಿಂಬಾಲಿಸೋಣ.

ಇನ್ನು ಉತ್ಪತ್ತಿಪ್ರಕರಣ. ಕೆಂಪು ವೈನೆಂದರೆ ಹಣ್ಣನ್ನು ಜಜ್ಜಿ, ಸಿಪ್ಪೆ ಬೀಜಗಳೊಡನೆ ರಸವನ್ನು ಬಹುಕಾಲ ನೆನೆಹಾಕಿ ಹುದುಗಿಸತಕ್ಕದ್ದೆಂಬುದು ಪೂರ್ವಪಕ್ಷ. ಬೋಜೊಲೆಯವರು ಜಜ್ಜುವ ಶ್ರಮವನ್ನೇ ಕೈಬಿಟ್ಟು, ಇಡಿಯ ಗೊಂಚಲುಗಳನ್ನು ತೊಟ್ಟಿಗೆ ಸುರಿದು ಮುಚ್ಚಿಬಿಡುತ್ತಾರೆ. ಮೇಲಿನ ಭಾರಕ್ಕೆ ಅಡಿಯ ಹಣ್ಣು ಒಡೆದು ರಸವು ಹುದುಗತೊಡಗಲು, ಅದರಿಂದೆದ್ದ ಇಂಗಾಲಾಮ್ಲವಾಯು ತೊಟ್ಟಿಯನ್ನೆಲ್ಲ ತುಂಬಿ, ಪ್ರಾಣವಾಯುವಿಲ್ಲದೆ ಉಸಿರುಕಟ್ಟಿದ ಮೇಲಣ ಹಣ್ಣುಗಳು ಸಿಪ್ಪೆಯೊಡೆಯದೆ ತಮ್ಮೊಳಗೇ ಮದ್ಯವನ್ನು ಹುಟ್ಟಿಸಿಕೊಳ್ಳಲಾರಂಭಿಸುತ್ತವೆ. ಗರ್ಭದಲ್ಲಿದ್ದಾಗಲೇ ವಿದ್ಯೆಯನ್ನು ಕಲಿತ ಅಭಿಮನ್ಯುವಿನಂತೆ ಇವಕ್ಕೂ ವ್ಯೂಹವನ್ನು ಹೊಗುವುದಷ್ಟೇ ಗೊತ್ತು, ಹೊರಬರುವುದು ಗೊತ್ತಿಲ್ಲ. ಶೇಕಡಾ ಎರಡರಷ್ಟು ಮದ್ಯ ಮೂಡುವ ಹೊತ್ತಿಗೆ ಹಣ್ಣಿನ ಜೀವಕಣಗಳು ಸೋತು, ಉಳಿದ ಯುದ್ಧವನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯೇ ಮುಗಿಸಬೇಕಾಗುತ್ತದೆ. ಸಿಪ್ಪೆ ಬೀಜಗಳ ಸಹವಾಸವು ಕೆಲವೇ ದಿನಗಳದ್ದಾದುದರಿಂದ ರಸಕ್ಕೆ ಬಣ್ಣವು ಇಳಿಯುತ್ತದೆ, ಒಗರು ಅಷ್ಟಾಗಿ ಇಳಿಯದು.

ರಸನಿರ್ಣಯವು ಈ ಗ್ರಂಥದ ಹೃದಯ. ಬೋಜೊಲೆಯಲ್ಲಿ ಸ್ಟ್ರಾಬೆರಿ, ರಾಸ್‌ಬೆರಿ, ಚೆರಿ ಹಣ್ಣುಗಳ ಪರಿಮಳವೂ, ಎಳೆಯದರಲ್ಲಿ ಹಲವು ವೇಳೆ ಮಾಗಿದ ಬಾಳೆಹಣ್ಣಿನ ಪರಿಮಳವೂ ಸ್ಪಷ್ಟವಾಗಿ ತೋರುತ್ತವೆ. ಬಾಳೆಯ ತೋಟವೇ ಇಲ್ಲದ ಸೀಮೆಯಲ್ಲಿ ಈ ಬಾಳೆತನವು ಎಲ್ಲಿಂದ ಬಂದಿತೆಂದು ತಾರ್ಕಿಕರು ಹುಬ್ಬೇರಿಸಿದರೆ, ಬಾಳೆಹಣ್ಣಿನಲ್ಲಿರುವ ಐಸೊಅಮೈಲ್ ಅಸಿಟೇಟ್ ಎಂಬ ದ್ರವ್ಯವೇ ಇಲ್ಲಿ ಯೀಸ್ಟಿನ ಕೆಲಸದಿಂದ ಹುಟ್ಟುತ್ತದೆಂದು ರಸಾಯನಶಾಸ್ತ್ರಿಗಳು ಅವರ ಬಾಯಿ ಮುಚ್ಚಿಸುತ್ತಾರೆ. ಆದರೆ ಪಂಡಿತರ ಕೋಪಕ್ಕೆ ಕಾರಣ ಬೇರೆ. ಬೊರ್ಡೊ ವೈನಿನಲ್ಲಿ ಪೆನ್ಸಿಲ್ ಹೆರೆದ ಪುಡಿ, ಹಳೆಯ ಚರ್ಮ, ಸಿಗಾರಿನ ಪೆಟ್ಟಿಗೆ, ಒದ್ದೆ ಮಣ್ಣು ಇವುಗಳ ವಾಸನೆಯನ್ನು ಕಂಡು ರೋಮಾಂಚಗೊಳ್ಳುವ ಅದೇ ಮಹನೀಯರು ಬಾಳೆಹಣ್ಣಿನ ಹೆಸರೆತ್ತಿದೊಡನೆ ಮೂಗು ಮುರಿಯುತ್ತಾರೆ. ಇದರಿಂದ ನಿಷ್ಪನ್ನವಾಗುವ ಸೂತ್ರವಿದು: ವೈನು ತಿನ್ನಲು ಬರುವ ವಸ್ತುವಿನಂತೆ ನಾರಿದರೆ ಅವಮಾನ, ತಿನ್ನಲು ಬಾರದ ವಸ್ತುವಿನಂತೆ ನಾರಿದರೆ ಸನ್ಮಾನ. ಪ್ರಕೃತ ಗ್ರಂಥಕರ್ತನು ಪೆನ್ಸಿಲನ್ನು ಬಾಲ್ಯದಲ್ಲಿ ಸಾಕಷ್ಟು ಕಡಿದವನಾದ ಕಾರಣ ಬಾಳೆಹಣ್ಣಿನ ಪಕ್ಷವನ್ನೇ ಹಿಡಿಯುತ್ತಾನೆ.

ಈ ವೈನಿಗೆ ಕಾಯುವ ಸಂಸ್ಕಾರವಿಲ್ಲವೆಂಬ ಆಕ್ಷೇಪಕ್ಕೆ ‘ನುವೋ’ ಎಂಬ ಅವತಾರವೇ ಸಾಕ್ಷಿ. ಆ ವರ್ಷದ ಸುಗ್ಗಿಯ ವೈನನ್ನು ಅದೇ ವರ್ಷದ ನವೆಂಬರಿನಲ್ಲಿ ಕುಡಿಯುವ ಈ ಪದ್ಧತಿಗೆ 1951ರಲ್ಲಿ ಸರಕಾರದ ಮುದ್ರೆ ಬಿದ್ದು, 1985ರಿಂದೀಚೆಗೆ ನವೆಂಬರಿನ ಮೂರನೆಯ ಗುರುವಾರವೆಂಬ ಮುಹೂರ್ತವು ನಿಶ್ಚಿತವಾಗಿದೆ. ನಡುರಾತ್ರಿ ಕಳೆದೊಡನೆ ಬೋಜೋ ಪಟ್ಟಣದಲ್ಲಿ ಪೀಪಾಯಿಗಳ ಬಿರಡೆ ಕಳಚುವುದಕ್ಕೆ ಎಷ್ಟೋ ಗಂಟೆ ಮುಂಚಿತವಾಗಿಯೇ ಗಡಿಯಾರದ ಕೃಪೆಯಿಂದ ಜಪಾನಿನವರು ಅದನ್ನು ಕುಡಿದಿರುತ್ತಾರೆ. ಹಕೋನೆಯ ಒಂದು ಸ್ನಾನಗೃಹದಲ್ಲಂತೂ ಕೊಳಕ್ಕೆ ಸುರಿದು ಅಭ್ಯಂಜನವನ್ನೇ ಮಾಡುತ್ತಾರೆ. ಪಂಡಿತರಿಗೆ ಉಳಿದಿರುವ ಏಕೈಕ ಆಸರೆಯೆಂದರೆ ಉತ್ತರದ ಹತ್ತು ‘ಕ್ರೂ’ ಗ್ರಾಮಗಳು. ಅವುಗಳಲ್ಲಿ ಫ್ಲರಿ ಮೃದು, ಮೊರ್ಗೊಂ ಗಂಭೀರ, ಮುಲ್ಯಾಂ-ಆ-ವಾಂ ಹತ್ತು ವರ್ಷ ಕಾದರೂ ಕೆಡದು. ಇವು ತಮ್ಮ ಚೀಟಿಯ ಮೇಲೆ ಬೋಜೊಲೆ ಎಂಬ ಹೆಸರನ್ನು ಬಹುಮಟ್ಟಿಗೆ ಅಚ್ಚುಹಾಕಿಸುವುದೇ ಇಲ್ಲ. ವಿದ್ಯಾವಂತರಾದ ಮಕ್ಕಳು ಮನೆತನದ ಹೆಸರನ್ನು ಮರೆಯುವುದು ಎಲ್ಲ ದೇಶಗಳಿಗೂ ಸಾಮಾನ್ಯ.

ಕಡೆಯದು ಭೋಜ್ಯಾಧಿಕರಣ. ಲಿಯೋನಿಗೆ ರೋನ್, ಸೋನ್, ಬೋಜೊಲೆ ಎಂಬ ಮೂರು ನದಿಗಳಿವೆಯೆಂದು ಅಲ್ಲಿಯವರು ಹೇಳಿಕೊಳ್ಳುವುದುಂಟು. ಆ ಊರಿನ ರೇಷ್ಮೆ ನೇಕಾರರು ಬೆಳಗಿನ ಹೊತ್ತಿನಲ್ಲೇ ಹಂದಿಮಾಂಸದ ಸಾಸೇಜು, ಕರುಳಿನ ಖಾದ್ಯ ಮುಂತಾದ ಜಿಡ್ಡಿನ ಪದಾರ್ಥಗಳೊಡನೆ ಈ ವೈನನ್ನು ಸೇವಿಸುತ್ತಿದ್ದರು; ‘ಬುಶೋಂ’ ಎಂಬ ಅಲ್ಲಿಯ ಊಟದಂಗಡಿಗಳಲ್ಲಿ ಆ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಇದರ ಯುಕ್ತಿಯು ಸರಳವಾಗಿದೆಯೆಂದು ಹೇಳಬೇಕಾಗಿ ಬಂದುದಕ್ಕೆ ವಿಷಾದಿಸುತ್ತೇವೆ: ಹುಳಿಯು ಜಿಡ್ಡನ್ನು ಕತ್ತರಿಸುತ್ತದೆ, ಒಗರು ಅಲ್ಪವಾದುದರಿಂದ ಉಪ್ಪಿನೊಡನೆ ಕಲಹವಿಲ್ಲ. ಹುರಿದ ಕೋಳಿ, ಅಣಬೆ, ವಿನಿಗರ್ ಹಾಕಿ ಕಲಸಿದ ಬೇಯಿಸಿದ ಬೇಳೆ, ಈರುಳ್ಳಿ ಸೊಪ್ಪುಗಳನ್ನು ಕೂಡಿಸಿದ ಹಸಿಯ ಚೀಸು, ಎಲ್ಲಕ್ಕೂ ಇದು ಅನುಕೂಲ. ಕೊನೆಯ ಮೂರು ಸಸ್ಯಾಹಾರಿಗಳಾದ ಭಾಷ್ಯಕಾರರ ಪುಣ್ಯ. ಮೀನಿಗೆ ಕೆಂಪು ವೈನು ನಿಷಿದ್ಧವೆಂಬ ವಿಧಿಯೂ ಇಲ್ಲಿ ಸಡಿಲವಾಗುತ್ತದೆ. ಹನ್ನೆರಡರಿಂದ ಹದಿನಾಲ್ಕು ಡಿಗ್ರಿಯಷ್ಟು ತಂಪಾಗಿ ಬಡಿಸತಕ್ಕದ್ದು. ಅತಿ ಸಿಹಿಯಾದ ಭಕ್ಷ್ಯದ ಮುಂದೆ ಮಾತ್ರ ಇದು ಬರಿಯ ಹುಳಿಯಾಗಿ ತೋರುವುದರಿಂದ ಅದು ವರ್ಜ್ಯ.

ಪಾತ್ರೆಯ ವಿಷಯದಲ್ಲಿ ಲಿಯೋನಿಗರು ತಳ ದಪ್ಪವಾದ, 46 ಸೆಂಟಿಲೀಟರು ಹಿಡಿಯುವ ‘ಪೋ’ ಎಂಬ ಗಾಜಿನ ಬಾಟಲಿಯನ್ನು ಬಳಸುತ್ತಾರೆ. ವೈನಿನ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುವುದು ನಿತ್ಯಕರ್ಮವೋ ಕಾಮ್ಯಕರ್ಮವೋ, ಲೋಟವನ್ನು ಬಲಕ್ಕೆ ತಿರುಗಿಸಬೇಕೋ ಎಡಕ್ಕೋ, ಉಗುಳುವ ಪರೀಕ್ಷಕನಿಗೆ ಪಾನದ ಫಲವುಂಟೋ ಇಲ್ಲವೋ ಎಂಬ ಮೂರು ಪೂರ್ವಪಕ್ಷಗಳು ಇನ್ನೂ ಖಂಡಿತವಾಗದೆ ಉಳಿದಿವೆಯಾದರೂ, ಪಂಕ್ತಿಯಲ್ಲಿ ಕುಳಿತ ಅಪಂಡಿತರ ವೇಗವನ್ನು ನೋಡಿದರೆ ಅವುಗಳ ವಿಚಾರಕ್ಕೆ ಒಂದು ಪೋ ಸಾಲದಾಗಿ, ಎರಡನೆಯದನ್ನು ತರಹೇಳಿದ್ದೇವೆ.