ಕ್ರಾಯ್ಡನ್ನಿನ ಏಕಲವ್ಯ

ಹೊರದೇಶದ ಕನ್ನಡ ಬಳಗ ಎಂದ ಮೇಲೆ ಕೆಲವು ಪಾತ್ರಗಳು ಅದರಲ್ಲಿ ಇದ್ದೇ ಇರುತ್ತವೆ. ರಾಜ್ಯೋತ್ಸವದಲ್ಲಿ ಹಾಡುವವರು, ಬೇಡವೆಂದರೂ ಹಾಡುವವರು, ಬೆಂಗಳೂರಿನ ಸೈಟಿನ ರೇಟು ಹೇಳುವವರು, ಮುಂದಿನ ವರ್ಷ ಖಂಡಿತ ಊರಿಗೆ ವಾಪಸು ಎಂದು ಪ್ರತಿ ದೀಪಾವಳಿಗೂ ಸಾರುವವರು. ಇವರನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಹೊಸ ಹವ್ಯಾಸ ಹಚ್ಚಿಕೊಂಡವನನ್ನು ಮಾತ್ರ ಸಹಿಸುವುದು ಕಷ್ಟ. ಕುಡುಕ ತಾನೊಬ್ಬನೇ ಕುಡಿದು ಮಲಗುತ್ತಾನೆ; ಹವ್ಯಾಸಿಗೆ ಜೊತೆ ಬೇಕು.

ನಮ್ಮ ಪಾಲಿಗೆ ಬಂದವನು ಕ್ರಾಯ್ಡನ್ನಿನಲ್ಲಿದ್ದಾನೆ. ತೀರ್ಥಹಳ್ಳಿ ಕಡೆಯವನು, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಮೊದಲು ಕೌನ್ಸಿಲ್ಲಿನಿಂದ ತುಂಡು ನೆಲ ಬಾಡಿಗೆಗೆ ಹಿಡಿದು ಹರಿವೆ ಸೊಪ್ಪು ಬೆಳೆದ. ಕಳೆ ಕಿತ್ತವರು ನಾವು. ಆಮೇಲೆ ಸೈಕಲ್ಲು; ಬ್ರೈಟನ್ ದಾರಿಯಲ್ಲಿ ಪಂಕ್ಚರ್ ಆದಾಗ ಕಾರು ತೆಗೆದುಕೊಂಡು ಹೋದವರೂ ನಾವೇ. ಈಗ ಬಿಲ್ಲು ಹಿಡಿದಿದ್ದಾನೆ. ವಾಟ್ಸಾಪ್ ಗುಂಪಿಗೆ ‘ಜಿಂಕೆ ಶಿಕಾರಿ’ ಎಂದು ಹೆಸರಿಟ್ಟು ಮೂವರನ್ನು ಸೇರಿಸಿದ್ದಾನೆ. ಆ ಮೂವರಲ್ಲಿ ನಾನೊಬ್ಬ, ಹುಟ್ಟಾ ಸಸ್ಯಾಹಾರಿ.

ಇಂಗ್ಲೆಂಡಿನಲ್ಲಿ ಬಿಲ್ಲು ಹಿಡಿದು ಜಿಂಕೆ ಹೊಡೆಯುವಂತಿಲ್ಲ. 1991ರ ಜಿಂಕೆ ಕಾಯ್ದೆ ಬಾಣ, ಭರ್ಜಿ ಮುಂತಾದವನ್ನು ಹೆಸರು ಹಿಡಿದೇ ನಿಷೇಧಿಸಿದೆ. ಮೀರಿದವರಿಗೆ ದಂಡ, ಜೈಲು ಎರಡೂ ಆಗಬಹುದು. ಉಳಿದ ಕಾಡುಪ್ರಾಣಿಗಳ ಮೇಲೆ ಕಣ್ಣು ಹಾಕೋಣವೆಂದರೆ ಅವುಗಳಿಗೂ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಊರಿಗೇ ಹೋಗಿ ಬಿಡೋಣವೆಂದರೆ ಅಲ್ಲಿ 1972ರ ಕಾಯ್ದೆ ಕಾದು ಕೂತಿದೆ. ಹೀಗೆ ಎರಡು ದೇಶಗಳ ಸಂಸತ್ತು ಸೇರಿ ನಮ್ಮ ಗೆಳೆಯನ ಕೈ ಕಟ್ಟಿವೆ. ಆದರೆ ಇಂಗ್ಲಿಷರು ಯಾವುದನ್ನೇ ನಿಷೇಧಿಸಿದರೂ ಅದರ ನೆನಪಿಗೊಂದು ಕ್ಲಬ್ಬು ಮಾಡಿಕೊಳ್ಳುವ ಜನ. ಕಾಡಿನೊಳಗೆ ಅಲ್ಲಲ್ಲಿ ರಬ್ಬರಿನಂಥ ಫೋಮಿನಲ್ಲಿ ಮಾಡಿದ ಜಿಂಕೆ, ಹಂದಿ, ಕರಡಿಗಳನ್ನು ನಿಲ್ಲಿಸಿ, ಅವುಗಳಿಗೆ ಬಾಣ ಬಿಡುತ್ತ ಸುತ್ತುವುದು ಇಲ್ಲಿ ದೊಡ್ಡ ಆಟ. ಅದಕ್ಕೊಂದು ರಾಷ್ಟ್ರೀಯ ಸಂಘವೇ 1973ರಿಂದ ಇದೆ. ಗುರಿ ಎಷ್ಟು ದೂರ ಎಂದು ಯಾರೂ ಹೇಳುವುದಿಲ್ಲ, ಕಣ್ಣಳತೆಯಲ್ಲೇ ಬಿಡಬೇಕು. ಮೊದಲ ಬಾಣ ಮರ್ಮಕ್ಕೆ ಬಿದ್ದರೆ 20, ಬರೀ ಮೈಗೆ ತಾಗಿದರೆ 16. ತಪ್ಪಿದರೆ ಮುಂದಿನ ಗೂಟದ ಹತ್ತಿರ ಹೋಗಿ ಇನ್ನೊಂದು, ಅದೂ ತಪ್ಪಿದರೆ ಮತ್ತೂ ಹತ್ತಿರ ಹೋಗಿ ಮೂರನೆಯದು. ಮೂರೂ ತಪ್ಪಿದರೆ ಜಿಂಕೆ ಏನೂ ಅಂದುಕೊಳ್ಳುವುದಿಲ್ಲ.

ಬಿಲ್ಲುವಿದ್ಯೆಯನ್ನು ಅವನು ಕಲಿತದ್ದು ಯೂಟ್ಯೂಬಿನಿಂದ. ಗುರುವಿಲ್ಲದೆ ಕಲಿತದ್ದಕ್ಕೆ ಏಕಲವ್ಯ ಎಂದು ನಾವು ಹೆಸರಿಟ್ಟರೆ ಅದನ್ನು ಬಿರುದು ಎಂದೇ ತಿಳಿದ. ಇಂಗ್ಲಿಷ್ ಪದ್ಧತಿಯಲ್ಲಿ ಹೆದೆ ಎಳೆಯಲು ಮೂರು ಬೆರಳು ಸಾಕು, ಹೆಬ್ಬೆರಳಿಗೆ ಕೆಲಸವಿಲ್ಲ. ಏಕಲವ್ಯ ಥೇಮ್ಸ್ ದಡದಲ್ಲಿ ಹುಟ್ಟಿದ್ದರೆ ದ್ರೋಣರು ಬೇರೇನನ್ನಾದರೂ ಕೇಳಬೇಕಾಗುತ್ತಿತ್ತು ಎಂದು ಅವನೇ ಹೇಳಿ ಅವನೇ ನಗುತ್ತಾನೆ. ಮೇರಿ ರೋಸ್ ಎಂಬ ಹಡಗು 1545ರಲ್ಲಿ ಮುಳುಗಿತ್ತು, 1982ರಲ್ಲಿ ಮೇಲೆತ್ತಿದರು, ಅದರಲ್ಲಿ ಸಿಕ್ಕ ಬಿಲ್ಲುಗಳನ್ನು ಎಳೆಯಲು 100 ಪೌಂಡಿಗೂ ಮಿಕ್ಕಿದ ಬಲ ಬೇಕು, ಇದು ಅವನ ಬಾಯಲ್ಲಿ ನನಗೆ ಕಂಠಪಾಠವಾಗಿದೆ. ಅವನ ಬಿಲ್ಲು 35 ಪೌಂಡಿನದು. ಅದನ್ನು ಎಳೆದೇ ಭುಜ ಹಿಡಿದುಕೊಂಡಿತ್ತು.

ಮೂರನೇ ಎಡ್ವರ್ಡ್ ದೊರೆ 1363ರಲ್ಲಿ, ರಜೆಯ ದಿನಗಳಲ್ಲಿ ಗಟ್ಟಿಮುಟ್ಟಾದ ಗಂಡಸರೆಲ್ಲ ಬಿಲ್ಲುಗಾರಿಕೆ ಅಭ್ಯಾಸ ಮಾಡತಕ್ಕದ್ದು ಎಂದು ಆಜ್ಞೆ ಹೊರಡಿಸಿದನಂತೆ. ಭಾನುವಾರ ಮನೆಯ ಕಾರ್ಪೆಟ್ ಗುಡಿಸಲು ಹೆಂಡತಿ ಕರೆದರೆ ಏಕಲವ್ಯ ಈ ಆಜ್ಞೆ ತೋರಿಸುತ್ತಾನೆ. ಅವನ ಫೋನಿನ ಪರದೆಯ ಮೇಲೆ ಬೇಲೂರಿನ ಬೇಟೆಗಾರ್ತಿ ಮದನಿಕೆ ಇದ್ದಾಳೆ, ಬಿಲ್ಲೆತ್ತಿ ನಿಂತವಳು. “ನೋಡು, ನಮ್ಮ ಹೆಂಗಸರೂ ಹೀಗಿದ್ದರು” ಎಂದು ಒಮ್ಮೆ ಹೆಂಡತಿಗೆ ತೋರಿಸಿದ. ಆಕೆ ಕುಕ್ಕರಿನ ಸೀಟಿ ಎಣಿಸುತ್ತಲೇ ಹೇಳಿದಳು: “ಒಂಬೈನೂರು ವರ್ಷದಿಂದ ಗುರಿ ಇಟ್ಟು ನಿಂತಿದಾಳೆ. ಒಂದು ಬಾಣ ಕಳ್ಕೊಂಡಿದಾಳಾ ಕೇಳಿ.”

ಊರಿನಿಂದ ಯಾರೇ ಬರಲಿ, ಅವರನ್ನು ಚಿಂಗ್‌ಫರ್ಡಿಗೆ ಕರೆದೊಯ್ಯುತ್ತಾನೆ. ಎಪ್ಪಿಂಗ್ ಕಾಡಿನ ಅಂಚಿನಲ್ಲಿ ಎಂಟನೇ ಹೆನ್ರಿಗೆಂದು 1543ರಲ್ಲಿ ಕಟ್ಟಿಸಿದ ಮರದ ಮಾಳಿಗೆ ಮನೆ ಅಲ್ಲಿದೆ. ಕೆಳಗೆ ಆಳುಗಳು ಜಿಂಕೆಗಳನ್ನು ಎಬ್ಬಿಸಿ ಓಡಿಸಿಕೊಂಡು ಬಂದರೆ ಮೇಲಿನಿಂದ ಬಾಣ ಬಿಡುವ ವ್ಯವಸ್ಥೆ. ಈ ಮಾಳಿಗೆಯಲ್ಲಿ ನಿಂತು ಏಕಲವ್ಯ, “ನಮ್ಮಜ್ಜಯ್ಯನೂ ಇದನ್ನೇ ಮಾಡಿದ್ದು, ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು” ಎನ್ನುತ್ತಾನೆ. ಬೆಂಗಳೂರಿನ ನೆಂಟರು ಲಂಡನ್ ಐ ಯಾವಾಗ ಎಂದು ಗಡಿಯಾರ ನೋಡಿಕೊಳ್ಳುತ್ತಾರೆ. ರಿಚ್ಮಂಡ್ ಪಾರ್ಕ್ ಇನ್ನೊಂದು ಕ್ಷೇತ್ರ. ಮೊದಲನೇ ಚಾರ್ಲ್ಸ್ 1637ರಲ್ಲಿ ಗೋಡೆ ಹಾಕಿಸಿದ ಆ ಉದ್ಯಾನದಲ್ಲಿ ಇವತ್ತಿಗೂ ಸುಮಾರು 630 ಜಿಂಕೆಗಳಿವೆ. ಐವತ್ತು ಮೀಟರ್ ದೂರ ನಿಲ್ಲಿ ಎಂದು ಬೋರ್ಡಿದೆ. ಅಕ್ಟೋಬರಿನಲ್ಲಿ ಬೆದೆಗೆ ಬಂದ ಕೆಂಜಿಂಕೆಯ ಗಂಡೊಂದು ಕೊಂಬಿಗೆ ಹುಲ್ಲು ಸಿಕ್ಕಿಸಿಕೊಂಡು ಗುಟುರು ಹಾಕಿದಾಗ ನಮ್ಮ ಬೇಟೆಗಾರ ಮಗುವಿನ ತಳ್ಳುಗಾಡಿಯ ಹಿಂದೆ ನಿಂತಿದ್ದ. ಮಗು ನನ್ನದು.

ಇದೆಲ್ಲ ಹೋಗಲಿ. ನಾನು ಹೇಳಹೊರಟದ್ದು ಆ ಭಾನುವಾರದ ಸಂಗತಿ.

ಬ್ರಾಮ್ಲಿಯ ಅಂಚಿನಲ್ಲೊಂದು ಕಾಡು. ನಾವು ನಾಲ್ವರು: ಏಕಲವ್ಯ, ನಾನು, ಧಾರವಾಡದ ಡಾಕ್ಟರು, ಮಂಗಳೂರಿನ ಅಕೌಂಟೆಂಟು. ಹಿಂದಿನ ರಾತ್ರಿಯೇ ಸೂಚನೆಗಳು ಬಂದಿದ್ದವು. ಸೆಂಟು ಹಾಕಿಕೊಳ್ಳಬಾರದು. ತಲೆಗೆ ಕೊಬ್ಬರಿ ಎಣ್ಣೆ ಬೇಡ. ಸರಪರ ಎನ್ನುವ ಜಾಕೆಟ್ ಬೇಡ. ತಿಂಡಿಯಲ್ಲಿ ಇಂಗು ಇರಕೂಡದು. ನನ್ನ ಹೆಂಡತಿ ಅಷ್ಟು ಹೊತ್ತಿಗೆ ಪುಳಿಯೋಗರೆ ಕಲಸಿ ಆಗಿತ್ತು. ಪುಳಿಯೋಗರೆಯಿಂದ ಇಂಗು ವಾಪಸು ತೆಗೆಯುವ ವಿದ್ಯೆಯನ್ನು ಯೂಟ್ಯೂಬೂ ಕಲಿಸುವುದಿಲ್ಲ. ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಸೇರಿಸಿಕೊಂಡು ಹೊರಟೆ.

ಕಾಡಿನ ಬಾಗಿಲಲ್ಲೇ ಅವನ ಮೂಗಿಗೆ ಗೊತ್ತಾಯಿತು. “ಎಂತ ಮಾರಾಯ, ಅಷ್ಟು ಹೇಳಿದ್ನಲ್ಲ? ಜಿಂಕೆಗೆ ಅರ್ಧ ಮೈಲಿಯಿಂದ ವಾಸನೆ ಸಿಗ್ತದೆ.”

ಡಾಕ್ಟರು ಕೈಗವಸು ಬಿಚ್ಚುತ್ತ ಕೇಳಿದರು: “ಏನಪಾ, ರಬ್ಬರ್ ಜಿಂಕಿಗೂ ವಾಸನಿ ಬರ್ತೈತೇನು?”

“ಅದು ಶಿಸ್ತಿನ ಪ್ರಶ್ನೆ ಡಾಕ್ಟ್ರೇ.”

ಅಲ್ಲಿಂದ ಮುಂದೆ ಮಾತು ನಿಷಿದ್ಧ. ಮಾತಾಡಿದರೆ ಅವನು ಹಿಂತಿರುಗಿ ತುಟಿಯ ಮೇಲೆ ಬೆರಳಿಡುತ್ತಿದ್ದ. ಒಣ ಕಡ್ಡಿ ತುಳಿದರೆ ಕಣ್ಣು ಮುಚ್ಚಿ ನೋವು ನುಂಗುತ್ತಿದ್ದ. ಮೊದಲ ಗೂಟ ಬಂದಿತು. ಬೀಚ್ ಮರಗಳ ಸಂದಿನಲ್ಲಿ ರಬ್ಬರ್ ಜಿಂಕೆ ನಿಂತಿತ್ತು, ಬೆನ್ನ ಮೇಲೆ ಪಾಚಿ, ಮುರಿದ ಹಿಂಗಾಲಿಗೆ ಕಪ್ಪು ಟೇಪು, ಮರ್ಮದ ಜಾಗದಲ್ಲಿ ಸಾವಿರಾರು ಬಾಣ ತಿಂದು ಆದ ತೂತು. ಏಕಲವ್ಯ ಮೂವತ್ತು ಹೆಜ್ಜೆ ಈಚೆಗೇ ಮಂಡಿಯೂರಿ ಕುಳಿತ. ಜೇಬಿನಿಂದ ಡಬ್ಬಿಯೊಂದು ತೆಗೆದು ಗಾಳಿಯ ದಿಕ್ಕು ನೋಡಲು ಒಂದಿಷ್ಟು ಪೌಡರು ಹಾರಿಸಿದ. ಅದು ಮೈಸೂರು ಸ್ಯಾಂಡಲ್ ಟಾಲ್ಕಂ. ಕಾಡೆಲ್ಲ ಘಮ್ಮೆಂದಿತು.

“ಇಂಗಿನ ವಾಸನಿ ಬ್ಯಾಡ, ಗಂಧದ್ದು ನಡೀತೈತಿ” ಎಂದರು ಡಾಕ್ಟರು.

ಗಾಳಿ ನಮ್ಮ ಕಡೆಯಿಂದ ಜಿಂಕೆಯ ಕಡೆಗೆ ಬೀಸುತ್ತಿತ್ತು. ಬೇರೆಯವರಾಗಿದ್ದರೆ ಬಾಣ ಬಿಟ್ಟು ಮುಂದೆ ಹೋಗುತ್ತಿದ್ದರು. ಏಕಲವ್ಯ ಗಾಳಿ ತಿರುಗಲಿ ಎಂದು ಕಾಯಿಸಿದ. ಹಿಂದಿನಿಂದ ಬಂದ ಇಂಗ್ಲಿಷರ ಗುಂಪು, ಅಜ್ಜ ಅಜ್ಜಿ ಇಬ್ಬರು ಮೊಮ್ಮಕ್ಕಳು, ಇಲ್ಲಿನವರ ಪದ್ಧತಿಯಂತೆ ಏನೂ ಕೇಳದೆ ಸಾಲಿನಲ್ಲಿ ನಿಂತರು. ಕೊನೆಗೆ ಗಾಳಿಯೋ ಅಜ್ಜಿಯೋ ನಿಟ್ಟುಸಿರು ಬಿಟ್ಟಂತಾಯಿತು, ಅವನು ಎದ್ದು ಗೂಟಕ್ಕೆ ಹೋಗಿ ಹೆದೆ ಎಳೆದ. ಬಾಣ ಜಿಂಕೆಯ ಮೇಲಿನಿಂದ ಹಾರಿ ಹಿಂದಿನ ಮುಳ್ಳುಪೊದೆಯೊಳಗೆ ಹೋಯಿತು. ಎರಡನೆಯದೂ ಹೋಯಿತು. ಅಜ್ಜಿಯ ಸರದಿ ಬಂದಾಗ ಆಕೆ ಚೂಯಿಂಗ್ ಗಮ್ ಅಗಿಯುತ್ತಲೇ ಮರ್ಮಕ್ಕೆ ಹೊಡೆದರು.

ಉಳಿದವರೆಲ್ಲ ಬಾಣದ ಗರಿಗೆ ಗುಲಾಬಿ, ಕಿತ್ತಳೆ, ಗಿಳಿಹಸಿರು ಬಣ್ಣ ಹಾಕುತ್ತಾರೆ, ಬಿದ್ದಲ್ಲಿ ಕಾಣಲಿ ಎಂದು. ನಮ್ಮವನು ಸಂಪ್ರದಾಯಸ್ಥ. ಟರ್ಕಿ ಕೋಳಿಯ ಕಂದು ಗರಿ, ಅದನ್ನು ತಾನೇ ಅಂಟಿಸಿ, ಕಂದು ದಾರ ಸುತ್ತಿ, ಮರದ ಕಡ್ಡಿಗೂ ಕಂದು ಬಣ್ಣ ಬಳಿದಿದ್ದಾನೆ. ಒಣಗಿದ ಬೀಚ್ ಎಲೆಯ ಬಣ್ಣವೂ ಅದೇ. ಬಾಣವೆಂಬುದು ನೆಲಕ್ಕೆ ಬಿದ್ದ ಮೇಲೆ ಸುಮ್ಮನಿರುವುದಿಲ್ಲ, ತರಗೆಲೆಯಡಿ ಮಾರುದ್ದ ಜಾರಿ ಹೋಗಿ ಅಡಗಿಕೊಳ್ಳುತ್ತದೆ. ನಾವು ನಾಲ್ವರು ಬಗ್ಗಿ ಕಾಲಿನಿಂದ ಎಲೆ ಕೆದಕುತ್ತ ಸಾಲಾಗಿ ಸರಿದೆವು. ಸಿಕ್ಕಿದ್ದು ಬೇರೆ ಯಾರದೋ ಗುಲಾಬಿ ಬಾಣ. ಅಕೌಂಟೆಂಟು ಒಂದು ಬಾಣದ ಬೆಲೆಗೆ ನಮ್ಮ ನಾಲ್ವರ ಗಂಟೆಗೂಲಿ ಕೂಡಿ ಲೆಕ್ಕ ತೆಗೆದು, “ಬಿಟ್ಟುಬಿಡುವುದು ಲಾಭ ಮಾರಾಯ” ಎಂದ. ಏಕಲವ್ಯ ಒಪ್ಪಲಿಲ್ಲ, ಒಂದು ಬಾಣವೂ ಬಿಟ್ಟು ಹೋಗುವ ಮಾತಿಲ್ಲ ಎಂದು ದನಿಯೆತ್ತಿದ. ಮೌನವ್ರತ ಮೊದಲು ಮುರಿದವನು ಅವನೇ. ಆಮೇಲೆ ನಾವೂ ಹಿಂದೆ ಬೀಳಲಿಲ್ಲ. ತೀರ್ಥಹಳ್ಳಿ, ಧಾರವಾಡ, ಮಂಗಳೂರು, ಮೂರೂ ಕನ್ನಡ ಒಟ್ಟಿಗೆ ಎದ್ದವು. ಹಸಿವೂ ಸೇರಿಕೊಂಡು, ಬಿದ್ದ ಮರದ ಮೇಲೆ ಕೂತು ನಾನು ಪುಳಿಯೋಗರೆಯ ಡಬ್ಬಿ ತೆರೆದೆ. ಆಗಬಾರದ್ದು ಆಗಿ ಹೋಗಿದೆ, ಇನ್ನು ಇಂಗಿಗೇಕೆ ನಾಚಿಕೆ.

ಆಗ ಪೊದೆಯೊಳಗಿಂದ ‘ಭೌ’ ಎಂದು ಒಂದು ಬೊಗಳಿಕೆ ಕೇಳಿಸಿತು. ನಾಯಿ ಎಂದುಕೊಂಡೆವು. ಏಕಲವ್ಯನ ಕೈಯ ತುತ್ತು ಅಲ್ಲೇ ನಿಂತಿತು.

“ಕಾಡುಕುರಿ” ಎಂದ.

ಮೊಣಕಾಲೆತ್ತರದ, ಬೆನ್ನು ಬಾಗಿದ ಪುಟ್ಟ ಪ್ರಾಣಿಯೊಂದು ಮುಳ್ಳುಬಳ್ಳಿಯ ಎಲೆ ಜಗಿಯುತ್ತ ಈಚೆ ಬಂತು. ಇಲ್ಲಿನವರು ಮಂಟ್‌ಜ್ಯಾಕ್ ಎನ್ನುವ, ಚೀನಾದಿಂದ ತಂದ ಜಾತಿ. ಶ್ರೀಮಂತರ ಉದ್ಯಾನಗಳಿಂದ ತಪ್ಪಿಸಿಕೊಂಡು ಈಗ ದಕ್ಷಿಣ ಇಂಗ್ಲೆಂಡಿನ ತುಂಬ ಹಬ್ಬಿದೆ. ನಮ್ಮ ಮಲೆನಾಡಿನ ಕಾಡುಕುರಿಗೆ ಹತ್ತಿರದ ದಾಯಾದಿ. ಇಂಗಿನ ವಾಸನೆ, ಗಂಧದ ವಾಸನೆ, ನಮ್ಮ ಜಗಳ, ಯಾವುದನ್ನೂ ಅದು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ರಬ್ಬರ್ ಜಿಂಕೆಯನ್ನು ಒಮ್ಮೆ ಮೂಸಿ, ಬಾಲ ಎತ್ತಿ, ಹೊರಟು ಹೋಯಿತು. ಏಕಲವ್ಯನ ಬಿಲ್ಲು ಮರಕ್ಕೊರಗಿಕೊಂಡೇ ಇತ್ತು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ.

ನೋಡಿದ್ದು ಫೋನನ್ನು. ತೀರ್ಥಹಳ್ಳಿಗೆ ಕರೆ ಮಾಡಿದ. ಅಪ್ಪ ಎತ್ತಿಕೊಂಡರು, ಅಲ್ಲಿ ಸಂಜೆ ಹೊತ್ತು.

“ಅಪ್ಪಯ್ಯ, ಇಲ್ಲಿ ಕಾಡುಕುರಿ ಕೂಗಿದ್ದು ಕೇಳ್ದೆ.”

“ಲಂಡನ್ನಾಗೆ ಎಂತ ಕಾಡುಕುರಿಯೋ?”

“ಹೌದು. ನಾನು ಬಿಲ್ಲು ತಗೊಂಡು ಬಂದಿದೀನಿ ಇಲ್ಲಿ. ಅಜ್ಜಯ್ಯನ ಹಂಗೆ.”

“ಅಜ್ಜಯ್ಯನ ಹತ್ರ ಬಿಲ್ಲು ಎಲ್ಲಿತ್ತಾ? ತೋಟದ ಕೋವಿ ಇತ್ತು, ಮಂಗ ಓಡ್ಸಕ್ಕೆ. ಎಲೆಕ್ಷನ್ ಬಂದ್ರೆ ಅದನ್ನೂ ಸ್ಟೇಷನ್ನಿಗೆ ಕೊಟ್ಟು ಬರ್ಬೇಕಿತ್ತು. ಒಂದ್ಸಲ ಹಂದಿ ಹೊಡ್ದಿದೀನಿ ಅಂತಿದ್ರು. ನೋಡಿದವ್ರು ಯಾರೂ ಇಲ್ಲ.”

ಡಾಕ್ಟರು ಪುಳಿಯೋಗರೆಯತ್ತ ಮುಖ ತಿರುಗಿಸಿ ನಗು ಅಡಗಿಸಿಕೊಂಡರು. ಸ್ಪೀಕರಿನಲ್ಲಿ ಅಪ್ಪನ ಮಾತು ಮುಂದುವರಿಯಿತು: “ಈಗ ಕಾಡುಕುರಿ ತೋಟದೊಳಗೇ ಬರ್ತವೆ. ಓಡ್ಸೋರೂ ಇಲ್ಲ, ನೋಡೋರೂ ಇಲ್ಲ. ಅಮ್ಮಂಗೆ ಮಂಡಿನೋವು, ಆ ಕಡೆ ಹೋಗೋದೇ ಬಿಟ್ಟಿದಾಳೆ. ಅಲ್ಲಿ ಮಳೆ ಬಂತಾ?”

ಮಳೆ ಬಂದಿದೆ ಎಂದು ಹೇಳಿ ಅವನು ಫೋನಿಟ್ಟ. ಬಾಕಿ ಗುರಿಗಳನ್ನೆಲ್ಲ ಸುತ್ತಿ ಮುಗಿಸುವವರೆಗೂ ಮೇರಿ ರೋಸ್ ಹಡಗಿನ ಸುದ್ದಿ ಎತ್ತಲಿಲ್ಲ. ನಮ್ಮಲ್ಲಿ ಬಹಳ ಜನ ಊರನ್ನು ಹೀಗೆ ಯಾವುದೋ ಸಾಮಾನು ಕೊಂಡು, ಯಾವುದೋ ಸಂಘ ಸೇರಿ ಹುಡುಕುತ್ತೇವೆ. ನಾನು ರಾಜ್ಯೋತ್ಸವಕ್ಕೆ ಹಾಡುವ ಪೈಕಿ. ಬೇಡವೆಂದರೂ.

ಶಿಕಾರಿ ಮುಗಿಸಿ ಬರುವಾಗ ಅವನು ಸೂಪರ್ ಮಾರ್ಕೆಟ್ಟಿಗೆ ಹೋಗಿ ಜಿಂಕೆ ಮಾಂಸದ ಪೊಟ್ಟಣ ಕೊಂಡು ತರುತ್ತಾನೆ. ಕಾನೂನುಬದ್ಧವಾಗಿ ಕೋವಿಯಿಂದ ಹೊಡೆದದ್ದು, ಮೇಲೆ ತಾರೀಖು ಅಚ್ಚಾಗಿರುತ್ತದೆ. ಚೀಟಿ ಕಿತ್ತುಹಾಕಿ, ಅಜ್ಜಿಯ ಕೈಯಳತೆಯ ಮಸಾಲೆ ಅರೆಸಿ, ಕಡುಬಿನ ಜೊತೆ ಎಲ್ಲರಿಗೂ ಬಡಿಸುತ್ತಾನೆ. ನನಗೆ ಬೇರೆ ಪಾತ್ರೆಯಲ್ಲಿ ಕಾಯಿಚಟ್ನಿ ಮಾಡಿಸಿಟ್ಟಿರುತ್ತಾನೆ, ಒಮ್ಮೆಯೂ ಮರೆತಿಲ್ಲ. ಇಂಥವನನ್ನು ಬೈಯುವುದು ಹೇಗೆ? ಬಾಣ ಹುಡುಕುವಾಗ ಬೈಯುತ್ತೇನೆ.

ಮಂಗಳೂರಿನವನಿಗೆ ಬರ್ಮಿಂಗ್‌ಹ್ಯಾಮಿಗೆ ವರ್ಗವಾಗಿದೆ. ಗುಂಪಿನಲ್ಲಿ ಒಂದು ಜಾಗ ಖಾಲಿ. ಲಂಡನ್ನಿನಲ್ಲಿರುವ ಕನ್ನಡಿಗರು ಯಾರಾದರೂ ಭಾನುವಾರ ಬಿಡುವಾಗಿದ್ದರೆ ದಯವಿಟ್ಟು ಬನ್ನಿ. ಬಿಲ್ಲು ಅವನೇ ಕೊಡುತ್ತಾನೆ, ಊಟ ಅವನ ಮನೆಯಲ್ಲೇ. ಕಣ್ಣು ಚುರುಕಾಗಿರಬೇಕು, ಸೊಂಟ ಗಟ್ಟಿಯಿರಬೇಕು. ಬಾಣ ಬಿಡಲು ಬರದಿದ್ದರೂ ನಡೆಯುತ್ತದೆ.