ಮೂಗಿನ ನೆರೆಮನೆಗಳು

ರೋಗಗಳಲ್ಲಿಯೂ ಅಂತಸ್ತಿನ ತಾರತಮ್ಯವುಂಟು. ಹೃದ್ರೋಗಿಯು ಒಳಗೆ ಬಂದರೆ ಕುರ್ಚಿ ತಾನಾಗಿ ಮುಂದೆ ಸರಿಯುತ್ತದೆ, ಮಧುಮೇಹಿಗಾದರೋ ಮದುವೆಯ ಪಂಕ್ತಿಯಲ್ಲಿ ಹೋಳಿಗೆಯನ್ನು ನಿರಾಕರಿಸಿ ನಾಲ್ವರ ಮರುಕಕ್ಕೆ ಪಾತ್ರನಾಗುವ ಭಾಗ್ಯವಿದೆ, ಆದರೆ ಕಟ್ಟಿದ ಮೂಗನ್ನೂ, ಭಾರವಾದ ಹುಬ್ಬುಗಳನ್ನೂ, ಗಂಟಲಿನ ಹಿಂಬದಿಯಿಂದ ಸದ್ದಿಲ್ಲದೆ ಇಳಿಯುವ ಕಫವನ್ನೂ ಹೊತ್ತು ತಿರುಗುವ ಪೀನಸರೋಗಿಗೆ ಲೋಕವು ದಯಪಾಲಿಸುವುದು “ಓ, ನೆಗಡಿಯೇ?” ಎಂಬ ಉದ್ಗಾರವನ್ನು, ಅದರ ಬೆನ್ನಿಗೇ ಒಂದು ಔಷಧವನ್ನು. ಬೆಂಗಳೂರಿನಲ್ಲಿ ಸೀನಿದವನಿಗೆ ವೈದ್ಯರ ಕೊರತೆಯಿಲ್ಲ. ಅರಿಶಿನದ ಕೊಂಬನ್ನು ಸುಟ್ಟು ಹೊಗೆ ಸೇದಿರೆಂದವರ, ನೀಲಗಿರಿ ಎಣ್ಣೆಯ ಹಬೆಗೆ ಮುಖವೊಡ್ಡಿರೆಂದವರ, ಮೆಣಸಿನ ಸಾರೊಂದೇ ಗತಿಯೆಂದವರ ಮಾತನ್ನೆಲ್ಲ ದಾಕ್ಷಿಣ್ಯಪರನಾದ ನಾನು ಒಂದೇ ವಾರದಲ್ಲಿ ನಡೆಸಿಕೊಟ್ಟೆನು. ಮೂಗು ಮಾತ್ರ ಯಾರ ದಾಕ್ಷಿಣ್ಯಕ್ಕೂ ಒಳಗಾಗಲಿಲ್ಲ.

ಕಡೆಗೆ ಮೂಗಿನ ಡಾಕ್ಟರು ಸಪೂರವಾದ ದುರ್ಬೀನೊಂದನ್ನು ನನ್ನ ನಾಸಾರಂಧ್ರದೊಳಕ್ಕೆ ಇಳಿಸಿ ನೋಡಿ, 12 ವಾರಗಳನ್ನು ದಾಟಿದ ಉಪದ್ರವವು ನೆಗಡಿಯ ದರ್ಜೆಯಿಂದ ಬಡ್ತಿ ಪಡೆದು ದೀರ್ಘಕಾಲದ ಸೈನಸೈಟಿಸ್ ಎನಿಸಿಕೊಳ್ಳುವುದೆಂದು ತಿಳಿಸಿದರು. ಹಣೆಯಲ್ಲಿ, ಕೆನ್ನೆಗಳಲ್ಲಿ, ಕಣ್ಣುಗಳ ನಡುವೆ, ಅವುಗಳ ಹಿಂದೆ ತಲೆಯ ಗರ್ಭದಲ್ಲಿ, ಹೀಗೆ ಗಾಳಿ ತುಂಬಿದ ನಾಲ್ಕು ಜೋಡಿ ಕೋಣೆಗಳು ನಮಗಿವೆಯಂತೆ. ಇವುಗಳಲ್ಲಿ ಕೆನ್ನೆಯ ಕೋಣೆಯನ್ನು ಇಂಗ್ಲೆಂಡಿನ ಹೈಮೋರ್ ಎಂಬ ವೈದ್ಯನು 1651ರಲ್ಲಿ ಸವಿಸ್ತಾರವಾಗಿ ವರ್ಣಿಸಿದನು. ಅದರ ದ್ವಾರವಿರುವುದು ನೆಲದ ಮಟ್ಟದಲ್ಲಲ್ಲ, ಚಾವಣಿಯ ಸಮೀಪದಲ್ಲಿ! ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳು ಹಗಲಿರುಳೂ ದ್ರವವನ್ನು ಮೇಲಕ್ಕೆ ತಳ್ಳಿ ಹೊರಹಾಕಬೇಕು. ಒಳಪೊರೆ ಊದಿ ಬಾಗಿಲು ಮುಚ್ಚಿತೋ, ಸರಕೆಲ್ಲ ಅಲ್ಲಿಯೇ ದಾಸ್ತಾನು. ಬಚ್ಚಲಿನ ತೂಬನ್ನು ತೊಲೆಯ ಪಕ್ಕಕ್ಕೆ ಕೊರೆದ ಮೇಸ್ತ್ರಿಗೆ ನಾವು ಕೂಲಿ ಕೊಡುತ್ತಿದ್ದೆವೆ? ಬ್ರಹ್ಮನಾದುದರಿಂದ ಪಾರಾದನು.

ಇಂತಹ ಘನ ವ್ಯಾಧಿಗೆ ಘನವಾದ ಚಿಕಿತ್ಸೆಯನ್ನೇ ನಿರೀಕ್ಷಿಸಿದ್ದ ನನಗೆ ದೊರೆತದ್ದು ಉಪ್ಪುನೀರು. ಕುದಿಸಿ ಆರಿಸಿದ ನೀರಿಗೆ ಉಪ್ಪನ್ನೂ ಚಿಟಿಕೆ ಅಡಿಗೆ ಸೋಡವನ್ನೂ ಬೆರೆಸಿ, ಹಠಯೋಗಿಗಳು ಜಲನೇತಿಯಲ್ಲಿ ಮಾಡುವಂತೆ ಒಂದು ಹೊಳ್ಳೆಯಿಂದ ಎರೆದು ಇನ್ನೊಂದರಿಂದ ಹರಿಯಬಿಡತಕ್ಕದ್ದು. ತರುವಾಯ ಸ್ಟೀರಾಯ್ಡಿನ ತುಂತುರನ್ನು ನಡುಗೋಡೆಗೆ ತಾಗಿಸದೆ ಕಿವಿಯ ಕಡೆಗೆ ಓರೆಯಾಗಿ ಸಿಂಪಡಿಸಿ, ಫಲಕ್ಕಾಗಿ ವಾರಗಟ್ಟಲೆ ಕಾಯತಕ್ಕದ್ದು. ಕ್ಷಣದಲ್ಲಿ ಮೂಗು ತೆರೆಯಿಸುವ ಹನಿಮದ್ದನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಅದೇ ಮೂಗನ್ನು ಮತ್ತಷ್ಟು ಊದಿಸುವುದೆಂದು ಗದರಿಸಿದರು. ಆಂಟಿಬಯಾಟಿಕ್ಕನ್ನು ಬಾಯಿಬಿಟ್ಟು ಬೇಡಿದರೂ ಕೊಡಲಿಲ್ಲ. ಶಸ್ತ್ರಚಿಕಿತ್ಸೆಯ ಮಾತು ಇವೆಲ್ಲ ಸೋತ ಮೇಲಂತೆ.

ಆದರೆ ಈ ವ್ಯಾಧಿಯ ನಿಜವಾದ ಕ್ರೌರ್ಯವಿರುವುದು ಘ್ರಾಣಶಕ್ತಿಯ ಅಪಹರಣದಲ್ಲಿ. ಬೆಳಗಿನ ಡಿಕಾಕ್ಷನ್ನು ಬರಿಯ ಕಹಿಯಾದ ಬಿಸಿನೀರಾಯಿತು. ಇಂಗಿನ ಒಗ್ಗರಣೆಯು ಚಟಪಟ ಸದ್ದಿನಿಂದ ಮಾತ್ರ ತನ್ನ ಅಸ್ತಿತ್ವವನ್ನು ಸಾರಿತು. “ಹುಳಿ ಹೇಗಿದೆ?” ಎಂದು ಮನೆಯಾಕೆ ಕೇಳಿದಾಗಲೆಲ್ಲ ಮುಂಚಿಗಿಂತ ಹೆಚ್ಚು ಉತ್ಸಾಹದಿಂದ ಹೊಗಳತೊಡಗಿದೆನಾಗಿ, ನಮ್ಮ ದಾಂಪತ್ಯದಲ್ಲಿ ಅಷ್ಟು ಸಾಮರಸ್ಯದ ಕಾಲ ಇನ್ನೊಂದಿರಲಿಲ್ಲ.

ಉಪ್ಪುನೀರಿನ ವ್ರತವು ಫಲಿಸಿ ಒಂದು ಮುಂಜಾನೆ ವಾಸನೆ ಮರಳಿ ಬಂತು. ಮೊದಲು ಬಂದದ್ದು ಕಾಫಿಯದಲ್ಲ, ಮಲ್ಲಿಗೆಯದೂ ಅಲ್ಲ. ಕಾರ್ತಿಕದಿಂದ ನನ್ನ ಕೊರಳನ್ನು ಅಗಲದಿದ್ದ ಉಣ್ಣೆಯ ಮಫ್ಲರಿನದು.

“ಏನೋ ನಾರುತ್ತಿದೆಯಲ್ಲೇ” ಎಂದೆ.

“ಬಂತೆ?” ಎಂದು ಆಕೆ ಬಕೆಟ್ಟನ್ನು ತಂದು ಮುಂದಿಟ್ಟಳು.